ಹಿಂದಿನ ಗಾಲಿಯ ನೀರು

ಮೊದಲೇ ಹೇಳಿಬಿಡುತ್ತೇನೆ, ನಮ್ಮವರಿಗೆ ಏನೂ ಆಗಿಲ್ಲ. ನಾನು ಇದನ್ನು ಬರೆಯುತ್ತಿರುವಾಗ ಅವರು ಮನೆಯ ಹಿಂದಿನ ಶೆಡ್ಡಿನಲ್ಲಿ ಮೊಂಡು ಬಿದ್ದ ಮಗ್ಗವೊಂದರ ಜೊತೆ ಮಾತಾಡುತ್ತಿದ್ದಾರೆ. ಉಳಿದ ಮಗ್ಗಗಳ ಸದ್ದಿನ ಮೇಲೂ ಅವರ ದನಿ ಇಲ್ಲಿಗೆ ಕೇಳುತ್ತದೆ. ಈ ಸಂಗತಿಯನ್ನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮೊದಲ ಸಲ ಹೇಳಿದಾಗ ನಾನು ಬೀಳಗಿ ಗುಡ್ಡದಿಂದಲೇ ಶುರು ಮಾಡಿದ್ದೆ. ಜೀಪು ಹಿಂಗಾಲ ಮೇಲೆ ನೆಟ್ಟಗೆ ನಿಂತಿತು ಅನ್ನುವಷ್ಟರಲ್ಲಿ ಎದುರು ಕುಳಿತಿದ್ದ ಹಿಂದಿ ಮೇಡಂ ಮೆಲ್ಲಗೆ ನನ್ನ ಹಣೆಯ ಕುಂಕುಮ ನೋಡಿದರು. ಅಂದಿನಿಂದ ಈ ಮಾತನ್ನು ಮೊದಲೇ ಹೇಳುವ ರೂಢಿ ಮಾಡಿಕೊಂಡಿದ್ದೇನೆ.

ಆದರೆ ನನಗೆ ನಾನೇ ಹೇಳಿಕೊಳ್ಳುವಾಗ ಆ ಮಾತು ಮೊದಲಿಗೆ ಬರುವುದಿಲ್ಲ. ನಾನು ಅರ್ಥಶಾಸ್ತ್ರ ಪಾಠ ಮಾಡುವವಳು. ಬೇಡಿಕೆಯ ರೇಖೆ ಎಳೆಯಲು ಚಾಕ್‌ಪೀಸು ಬೋರ್ಡಿನ ಮೇಲೆ ಓರೆಯಾಗಿ ಇಳಿಯುತ್ತಿದ್ದಂತೆ ಅದೇ ಗುಡ್ಡದ ಇಳಿಜಾರಾಗುತ್ತದೆ. ಇಳಿಜಾರಿನ ನಡುವೆ ಜೀಪು, ಜೀಪಿನ ಮುಂದಿನ ಎರಡು ಗಾಲಿಗಳು ಯಾವುದನ್ನೂ ಮುಟ್ಟದೆ ತಿರುಗುತ್ತಿರುತ್ತವೆ. ಮಕ್ಕಳು ಬರೆದುಕೊಂಡು ಮುಗಿಸಿ ತಲೆ ಎತ್ತುತ್ತಾರೆ, ನಾನು ಇನ್ನೂ ಅಲ್ಲೇ ನಿಂತಿರುತ್ತೇನೆ.

ನಮ್ಮದು ಬನಹಟ್ಟಿಯ ನೇಕಾರರ ಮನೆ. ಮಾವನವರ ಕಾಲದಲ್ಲಿ ಕೈಮಗ್ಗ ಇತ್ತು, ಈಗ ಪವರ್‌ಲೂಮ್. ನಮ್ಮವರು ಬಟ್ಟೆ ಬಿಟ್ಟು ಬೇರೆ ಯಾವುದಕ್ಕೂ ಮನಸ್ಸು ಕೊಟ್ಟವರಲ್ಲ. ಚಹಾ ಆರಿದ್ದರೂ ಕುಡಿಯುತ್ತಾರೆ, ಉಪ್ಪಿಲ್ಲದಿದ್ದರೂ ಉಣ್ಣುತ್ತಾರೆ. ಅಂಥವರು ನಡುವಯಸ್ಸು ದಾಟಿದ ಮೇಲೆ ಒಂದು ದಿನ ಜಮಖಂಡಿಯ ಗ್ಯಾರೇಜಿನ ಮುಂದೆ ಬೇವಿನ ಗಿಡದ ಕೆಳಗೆ ನಿಂತಿದ್ದ ಹಳೆಯ ಜೀಪನ್ನು ಮನೆಗೆ ತಂದರು. ಯಾಕೆ ಅಂದರೆ ಅವರ ದೋಸ್ತ ಒಬ್ಬರು ಮೊಬೈಲಿನಲ್ಲಿ ಅವರಿಗೊಂದು ವಿಡಿಯೋ ತೋರಿಸಿದ್ದರು. ದಾರಿಯೇ ಇಲ್ಲದ ಬಂಡೆಗಳ ಮೇಲೆ ಒಂದು ಗಾಡಿ, ಆಡು ಹತ್ತಿದ ಹಾಗೆ, ಒಂದೊಂದೇ ಗಾಲಿ ಎತ್ತಿಟ್ಟು ಹತ್ತುತ್ತಿತ್ತು. ಅದರಲ್ಲಿ ವೇಗ ಅನ್ನುವುದೇ ಇರಲಿಲ್ಲ. ನಮ್ಮವರಿಗೆ ಹಿಡಿಸಿದ್ದು ಅದೇ ಇರಬೇಕು. ಎಳೆ ಎಳೆಯಾಗಿ ಸೀರೆ ಮುಂದೆ ಸರಿಯುವುದನ್ನು ಜೀವನವಿಡೀ ನೋಡಿದವರು.

ಅತ್ತೆಯವರು ಆವತ್ತು ಪಡಸಾಲೆಯಲ್ಲಿ ಕಂಡಿಕೆ ಸುತ್ತುತ್ತಿದ್ದರು. ಲಾಳಿಯೊಳಗೆ ಕೂರಿಸುವ ನೂಲಿನ ಸಣ್ಣ ಸುರುಳಿ ಅದು. ಕೈ ನಿಲ್ಲಿಸದೆಯೇ ಕೇಳಿದರು, "ಇದು ಎಲ್ಲಿಗೆ ಹೋಗತೈತಿ?"

"ಗುಡ್ಡಕ್ಕ, ಯವ್ವಾ. ಬೀಳಗಿ ಕಡೆ ಕಲ್ಲಿನ ಗುಡ್ಡ ಅದಾವಲ್ಲ, ಅಲ್ಲಿ ಹತ್ತಸೂದು."

"ಗುಡ್ಡದ ಮ್ಯಾಲೆ ಏನೈತಿ?"

"ಏನೂ ಇಲ್ಲ."

"ಏನೂ ಇಲ್ಲದ ಜಾಗಾಕ್ಕ ರಸ್ತಾ ಬಿಟ್ಟು ಹೊಕ್ಕೀಯಲ್ಲೋ, ನಮ್ಮಪ್ಪಾ. ರಸ್ತಾದಾಗರ ಎಲ್ಲಿ ನೆಟ್ಟಗ ಹೊಕ್ಕಿದ್ದಿ."

ಗುಡ್ಡದ ಹುಚ್ಚು ಇದ್ದ ಹತ್ತಿಪ್ಪತ್ತು ಜನ ಆ ಕಡೆಯಿಂದ ಈ ಕಡೆಯಿಂದ ಆಗೊಮ್ಮೆ ಈಗೊಮ್ಮೆ ರವಿವಾರ ಅಲ್ಲಿ ಸೇರುತ್ತಿದ್ದರು. ಬೆಳಗಾವಿಯವರು, ಬಾಗಲಕೋಟೆಯವರು, ಒಬ್ಬಿಬ್ಬರು ಸಾಂಗಲಿ ಕಡೆಯವರು. ನಮ್ಮವರೂ ಒಮ್ಮೆ ಹೋದರು, ಕೆಳಗಿನ ಸಣ್ಣ ಬಂಡೆಯನ್ನೇ ಹತ್ತಲಾಗದೆ ವಾಪಸು ಬಂದರು. ಜೀಪಿಗೆ ಇದ್ದದ್ದು ಎರೆಹೊಲದ ಟೈರು. ನಮ್ಮ ಕಡೆ ಗಾಡಿಗೆ ಒಳ್ಳೆಯ ಟೈರು ಅಂದರೆ ಅದೇ. ದಪ್ಪ ಹಲ್ಲು, ಹಲ್ಲಿನ ನಡುವೆ ಅಂಗೈ ಹಿಡಿಸುವಷ್ಟು ಸಂದು, ಮಳೆಗಾಲದ ಕರಿ ಮಣ್ಣನ್ನು ಬಗೆದು ಉಗುಳಿಕೊಂಡು ಹೋಗಬೇಕು. ಬಂಡೆಯ ಮೇಲೆ ಉಗುಳುವುದಕ್ಕೆ ಏನೂ ಇರಲಿಲ್ಲ. ಹಲ್ಲಿನ ತುದಿಯಷ್ಟೇ ಕಲ್ಲಿಗೆ ತಾಗಿ, ಕಿರ್ರಂತ ಜಾರಿ, ರಬ್ಬರು ಸುಟ್ಟ ವಾಸನೆ ಬಂತಂತೆ. ಆವತ್ತು ಸಂಜೆ ಅವರು ರೊಟ್ಟಿ ಮುರಿಯುತ್ತ, "ತಪ್ಪು ಜೀಪಿಂದಲ್ಲ" ಅಂದರು. ಯಾರೋ ಜೀಪಿನ ಮೇಲೆ ದೂರು ಹೇಳಿದ್ದರು ಅನ್ನುವ ಹಾಗೆ.

ಆಮೇಲೆ ಶುರುವಾಯಿತು ಟೈರು ಹುಡುಕಾಟ. ಕನ್ಯಾ ನೋಡಲು ತಿರುಗಿದ್ದಕ್ಕಿಂತ ಹೆಚ್ಚು ತಿರುಗಿದರು, ಇದು ಅತ್ತೆಯವರ ಮಾತು. ಜಮಖಂಡಿಯ ಗ್ಯಾರೇಜಿನವರು ಒಂದು ಹೇಳಿದರು, ಮುಧೋಳದ ಅಂಗಡಿಯವರು ಇನ್ನೊಂದು. ಅಗಲ ಇರಲಿ ಅಂತ ಒಬ್ಬರು, ಎತ್ತರ ಇರಲಿ ಅಂತ ಒಬ್ಬರು. ಎತ್ತರದ್ದು ಹಾಕಿದರೆ ಗಾಲಿ ತಿರುವಿದಾಗ ಮಡ್‌ಗಾರ್ಡಿಗೆ ಉಜ್ಜುತ್ತದೆ, ಅದನ್ನು ಕತ್ತರಿಸಬೇಕು. ಅಗಲದ್ದು ಹಾಕಿದರೆ ಸ್ಟೇರಿಂಗ್ ತಿರುವುವುದಕ್ಕೆ ಇಬ್ಬರು ಬೇಕು. ಊಟಕ್ಕೆ ಕೂತಾಗಲೂ ತಾಟಿನ ಪಕ್ಕದಲ್ಲಿ ಮೊಬೈಲು, ಅದರೊಳಗೆ ಯಾವುದೋ ದೇಶದ ಕೆಂಪು ಬಂಡೆ. ಕೆಲವೊಮ್ಮೆ ನನ್ನನ್ನು ಕರೆದು ತೋರಿಸುತ್ತಿದ್ದರು. "ನೋಡ್ರಿ ಮೇಡಮ್ಮಾರ, ಟೈರು ಹೆಂಗ ಕುಂತೈತಿ ನೋಡ್ರಿ ಕಲ್ಲಿನ ಮ್ಯಾಲೆ. ಬೆಕ್ಕು ಕುಂತಂಗ." ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಕರೆದು ಏನನ್ನಾದರೂ ತೋರಿಸಿದ್ದು ಅಪರೂಪ. ನಾನು ಹಿಟ್ಟಿನ ಕೈ ಒರೆಸಿಕೊಂಡು ಹೋಗಿ ನೋಡುತ್ತಿದ್ದೆ. ನಿಜಕ್ಕೂ ಬೆಕ್ಕು ಕೂತ ಹಾಗೇ ಇರುತ್ತಿತ್ತು. ಹವಾ ಕಡಿಮೆ ಮಾಡಿದ ಟೈರು ಕಲ್ಲಿನ ಉಬ್ಬನ್ನು ತನ್ನ ಹೊಟ್ಟೆಯೊಳಗೆ ತೆಗೆದುಕೊಂಡು ಸುತ್ತ ಹರಡಿಕೊಳ್ಳುತ್ತಿತ್ತು.

ಕಡೆಗೆ ಲೋಕಾಪುರದಲ್ಲಿ ಸಿಕ್ಕಿತು. ಲಾರಿಗಳು ಹಾದುಹೋಗುವ ಊರು, ಟೈರಿನ ಅಂಗಡಿಗೆ ಬರ ಇಲ್ಲ. ಶನಿವಾರ ಕಾಲೇಜು ಬೇಗ ಮುಗಿದಿತ್ತು, ನಾನೂ ಜೊತೆಗೆ ಹೋಗಿದ್ದೆ. ನಮ್ಮವರ ಕೈಯಲ್ಲಿ ನೂಲಿನ ಹಳೆಯ ಚೀಲ, ಚೀಲದಲ್ಲಿ ಏನೋ ಭಾರ. ಅಂಗಡಿಯ ಒಳಗೆ ಹೋಗಿ ಅದನ್ನು ತೆಗೆದರು. ಬೀಳಗಿ ಗುಡ್ಡದಿಂದ ತಂದ ಕಲ್ಲು.

ಅಂಗಡಿಯವರು ಕುರ್ಚಿಯಿಂದ ಎದ್ದು ನಿಂತರು. "ಸಾವ್ಕಾರ್ರ, ಕಲ್ಲ ತಗೊಂಡ ಬಂದೀರಲ್ಲರಿ. ಜಗಳಕ್ಕ ಬಂದೀರೋ, ವ್ಯಾಪಾರಕ್ಕೋ?"

"ಅದು ಟೈರು ತೋರಿಸಿದ ಮ್ಯಾಲೆ ನಿಮಗ ಗೊತ್ತಾಗತೈತಿ ತಗೋರಿ."

ಅವರು ಮೊದಲು ತೋರಿಸಿದ್ದು ಗಟ್ಟಿ ರಬ್ಬರಿನದು. "ಇದರ ಲೈಫ್ ನೋಡ್ರಿ. ನಿಮ್ಮ ಜೀಪು ಹೋದ್ರೂ ಟೈರು ಇರ್ತೈತಿ" ಅಂದರು. ನಮ್ಮ ಕಡೆ ಟೈರು ಕೊಳ್ಳುವವರು ಕೇಳುವ ಮೊದಲ ಪ್ರಶ್ನೆಗೆ ಸಿದ್ಧವಾಗಿದ್ದ ಉತ್ತರ ಅದು. ನಮ್ಮವರು ಹೆಬ್ಬೆರಳಿನ ಉಗುರನ್ನು ಹಲ್ಲಿನ ಮೇಲೆ ಒತ್ತಿದರು. ಬಟ್ಟೆ ನೋಡುವಾಗಲೂ ಅವರು ಹೀಗೇ, ಕಣ್ಣು ಬೇರೆ ಕಡೆ ಇರುತ್ತದೆ, ಬೆರಳು ನೋಡುತ್ತದೆ. ಉಗುರಿನ ಗುರುತು ಬೀಳಲಿಲ್ಲ. ಕಲ್ಲನ್ನು ಅದಕ್ಕೆ ಉಜ್ಜಿದರು, ಜಾರಿತು. "ಇದು ಬ್ಯಾಡ್ರಿ, ಇದು ಉಳಿಯೂ ಟೈರು. ನನಗ ಹಿಡಿಯೂ ಟೈರು ಬೇಕು. ಸವದ್ರ ಸವೀಲಿ."

"ಅಕ್ಕಾರ, ನೀವರ ಹೇಳ್ರಿ" ಅಂತ ಅಂಗಡಿಯವರು ನನ್ನ ಕಡೆ ತಿರುಗಿದರು. "ಸವೀಲಿ ಅಂತ ಹೇಳಿ ಟೈರು ತಗೊಳ್ಳೂ ಗಿರಾಕಿನ್ನ ನಾ ಇವತ್ತ ನೋಡಾಕತ್ತೇನಿ."

ಒಳಗಿನಿಂದ ಬೇರೆ ಟೈರು ಬಂತು. ರಬ್ಬರು ಮೆತ್ತಗೆ, ಹಲ್ಲುಗಳು ಸಣ್ಣವು, ಹತ್ತಿರ ಹತ್ತಿರ, ಒಂದೊಂದು ಹಲ್ಲಿನ ಮೇಲೂ ಚಾಕುವಿನಿಂದ ಗೀರಿದಂಥ ಸಣ್ಣ ಸೀಳು. ಹಲ್ಲು ಟೈರಿನ ಪಕ್ಕೆಯ ಮೇಲೂ ಇಳಿದುಬಂದಿತ್ತು, ಕಲ್ಲಿನ ಸಂದಿಯಲ್ಲಿ ಟೈರಿನ ಪಕ್ಕೆ ಹರಿಯಬಾರದು ಅಂತ. ನಮ್ಮವರು ಉಗುರು ಒತ್ತಿದರು, ಗುರುತು ಬಿದ್ದು ಮೆಲ್ಲಗೆ ತುಂಬಿಕೊಂಡಿತು. ಕಲ್ಲನ್ನು ಇಟ್ಟು ಒತ್ತಿ ಎಳೆದರು. ಟೈರು ಕಲ್ಲನ್ನು ಬಿಡಲಿಲ್ಲ, ಅವರ ಕೈಯೇ ಜಾರಿ ಬಂತು. ಅವರ ಮುಖ ಆಗ ಹೇಗಿತ್ತು ಅಂದರೆ, ನಮ್ಮ ಮಗಳು ಹುಟ್ಟಿದಾಗ ಆಸ್ಪತ್ರೆಯ ಬಾಗಿಲಲ್ಲಿ ನಿಂತು ನೋಡಿದ ಮುಖ. ಇದನ್ನು ಅವರಿಗೆ ಹೇಳಿದರೆ ಒಪ್ಪುವುದಿಲ್ಲ.

ಟೈರನ್ನು ಅವರು ಸರಿಯಾಗಿಯೇ ಆರಿಸಿದ್ದರು. ಇದನ್ನು ನಾನು ಒತ್ತಿ ಹೇಳಬೇಕು, ಯಾಕೆಂದರೆ ಆಮೇಲೆ ಊರಲ್ಲಿ ಬಹಳ ಮಂದಿ ಟೈರಿಗೆ ಬೈದರು.

ಮುಂದಿನದು ದೋಸ್ತರ ತೋಟದಲ್ಲಿ ಆದದ್ದು. ವಿಡಿಯೋ ತೋರಿಸಿ ಹುಚ್ಚು ಹಿಡಿಸಿದವರು ಅವರೇ. ಚಿಕ್ಕಪಡಸಲಗಿ ಹತ್ತಿರ ಅವರದು ಕಬ್ಬಿನ ಹೊಲ, ಮನೆಯಲ್ಲಿ ಎರಡು ಟ್ರ್ಯಾಕ್ಟರು. ಇಡೀ ಮೈಯೇ ನಗುವಂಥ ಮನುಷ್ಯ. ನನಗೆ ವೈನಿ, ಅಂದರೆ ಅತ್ತಿಗೆ, ಅನ್ನುತ್ತಾರೆ, ನಮ್ಮವರಿಗೆ ಬಾಯಿಗೆ ಬಂದದ್ದು ಅನ್ನುತ್ತಾರೆ. ಹೊಸ ಟೈರಿನ ಸುತ್ತ ಒಂದು ಸುತ್ತು ಹಾಕಿ ಕಾಲಿನಿಂದ ಒದ್ದು ನೋಡಿದರು.

"ಟೈರು ಛಲೋ ಐತಿ. ಆದ್ರ ಗಾಡಿ ಹಗರಾತು. ಹಗರ ಗಾಡಿ ಕಲ್ಲ ಹಿಡಿಯಂಗಿಲ್ಲಲೇ. ನೀರ ಹಾಕೂಣು."

ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಗಾಲಿಗೆ ಹವಾದ ಜೊತೆ ನೀರು ತುಂಬುವುದು ನಮ್ಮ ಸೀಮೆಯಲ್ಲಿ ಎಲ್ಲರೂ ಮಾಡುವ ಕೆಲಸ. ಹಸಿ ಹೊಲದಿಂದ ಕಬ್ಬು ತುಂಬಿದ ಟ್ರೇಲರನ್ನು ಎಳೆಯುವಾಗ ಗಾಲಿ ಭಾರವಾಗಿದ್ದರೆ ನೆಲ ಹಿಡಿಯುತ್ತದೆ, ಸುಮ್ಮನೆ ತಿರುಗಿ ಹೂತುಕೊಳ್ಳುವುದಿಲ್ಲ. ನೀರು ಹಿಂದಿನ ಗಾಲಿಗೇ, ಯಾಕೆಂದರೆ ಟ್ರ್ಯಾಕ್ಟರು ಎಳೆಯುವುದು ಹಿಂದಿನ ಗಾಲಿಯಿಂದ. ಇದರಲ್ಲಿ ಯೋಚಿಸುವಂಥದ್ದು ಏನೂ ಇರಲಿಲ್ಲ. ಜಾಕು ಹಚ್ಚಿ ಜೀಪಿನ ಹಿಂಭಾಗ ಎತ್ತಿದರು, ಗಾಲಿ ತಿರುವಿ ಹವಾ ತುಂಬುವ ಬಾಯಿ ಮೇಲೆ ಬರುವ ಹಾಗೆ ನಿಲ್ಲಿಸಿದರು, ಪೈಪು ಹಿಡಿದರು. ಟೈರಿನೊಳಗೆ ಗುಳುಗುಳು ಸದ್ದು. ಇಬ್ಬರೂ ಅಕ್ಕಪಕ್ಕ ಕುಕ್ಕರಗಾಲಲ್ಲಿ ಕೂತು ಕಿವಿಗೊಟ್ಟು ಕೇಳುತ್ತಿದ್ದರು. ನಾನು ದೋಸ್ತರ ಹೆಂಡತಿ ಕೊಟ್ಟ ಶೇಂಗಾ ಸುಲಿಯುತ್ತ ಬದುವಿನ ಮೇಲಿಂದ ಅವರನ್ನು ನೋಡುತ್ತಿದ್ದೆ, ಇವರಿಬ್ಬರಿಗೆ ವಯಸ್ಸು ಯಾವಾಗ ಆಗುತ್ತದೋ ಅಂತ ನಗು ಬರುತ್ತಿತ್ತು. ವಾಪಸು ಬರುವಾಗ ಜೀಪಿನ ಓಟ ಬದಲಾಗಿತ್ತು. ಹಿಂದೆ ಯಾರೋ ದೊಡ್ಡವರು ಕೂತಿದ್ದಾರೆ ಅನ್ನುವ ಹಾಗೆ ಗಂಭೀರವಾಗಿ ಬಂತು. "ನೋಡಿದ್ಯಾ, ಹೆಂಗ ನೆಲ ಹಿಡದೈತಿ" ಅಂದರು ನಮ್ಮವರು.

ಗುಡ್ಡಕ್ಕೆ ಹೋದದ್ದು ಸಂಕ್ರಾಂತಿ ಕಳೆದ ಮೇಲಿನ ಒಂದು ರವಿವಾರ. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ನಾವಿಬ್ಬರೂ ದೋಸ್ತರೂ ಬೆಳಿಗ್ಗೆ ಹೊರಟೆವು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಪ್ರತಿಯೊಂದರ ಟೇಪಿನಲ್ಲೂ ಬೇರೆ ಬೇರೆ ಹಾಡು. ಗುಡ್ಡದ ಬುಡದಲ್ಲಿ ಎಂಟು ಹತ್ತು ಗಾಡಿ ಆಗಲೇ ಸೇರಿದ್ದವು. ಎಲ್ಲರೂ ಗಾಲಿಯ ಪಕ್ಕ ಕೂತು ಹವಾ ಇಳಿಸುತ್ತಿದ್ದರು, ಸುಸ್ ಅನ್ನುವ ಸದ್ದು ಸುತ್ತಲೂ. ನಮ್ಮವರೂ ಇಳಿಸಿದರು. ಮುಂದಿನ ಟೈರುಗಳು ಮೆತ್ತಗೆ ಹರಡಿಕೊಂಡವು. ಹಿಂದಿನವುಗಳಿಂದ ಹವಾದ ಜೊತೆ ನೀರಿನ ಹನಿ ಚಿಮ್ಮಿತು, ಅವು ಅಷ್ಟಾಗಿ ಮೆತ್ತಗಾಗಲಿಲ್ಲ. ಮುಕ್ಕಾಲು ನೀರೇ ತುಂಬಿದ ಮೇಲೆ ಮೆತ್ತಗಾಗುವುದಾದರೂ ಹೇಗೆ? ಇದು ನನಗೆ ಈಗ ತಿಳಿದದ್ದು.

ಮೊದಲ ಬಂಡೆಯನ್ನು ಜೀಪು ಎಷ್ಟು ಚೆಂದ ಹತ್ತಿತು ಅಂದರೆ ಬೆಳಗಾವಿಯವರೊಬ್ಬರು ಚಪ್ಪಾಳೆ ತಟ್ಟಿದರು. ಹೊಸ ಟೈರು ಹೇಳಿದ ಹಾಗೇ ಕೇಳುತ್ತಿತ್ತು. ಎರಡನೆಯದೂ ಆಯಿತು. ನಾನೂ ಖುಷಿಯಾಗಿದ್ದೆ. ಖುಷಿಯಾಗಿಯೇ ಮೂರನೆಯದರ ಮೇಲ್ಗಡೆ ಹೋಗಿ ನಿಂತೆ, ಮೇಲಿನಿಂದ ಅವರ ಮುಖ ಕಾಣಲಿ ಅಂತ. ದೋಸ್ತರು ನನ್ನಿಂದ ಕೆಳಗೆ, ಇಳಿಜಾರಿನ ಪಕ್ಕದಲ್ಲಿ ನಿಂತು ಕೈ ಮಾಡಿ ಎಡ ಬಲ ಹೇಳುತ್ತಿದ್ದರು. ಬಂಡೆ ಕಡಿದಾಗಿತ್ತು, ನಡುವೆ ಮೊಣಕಾಲೆತ್ತರದ ಒಂದು ಮೆಟ್ಟಿಲಿನಂಥ ಅಂಚು. ಮುಂದಿನ ಗಾಲಿಗಳು ಆ ಅಂಚು ಹತ್ತಿ ದಾಟಿದವು. ಹಿಂದಿನವು ಅದಕ್ಕೆ ಬಂದು ತಾಗಿ ನಿಂತವು.

ಇಲ್ಲಿಂದ ಮುಂದೆ ನನಗೆ ಎಲ್ಲವೂ ತಡೆದು ತಡೆದು ಕಾಣುತ್ತದೆ.

ಹಗುರ ಗಾಲಿಯಾಗಿದ್ದರೆ ಅಲ್ಲಿ ಒಂದಿಷ್ಟು ಜಾರುತ್ತಿತ್ತು, ಜೀಪು ಹಿಂದಕ್ಕೆ ಬರುತ್ತಿತ್ತು, ಮತ್ತೊಮ್ಮೆ ನೋಡೋಣ ಅನ್ನಬಹುದಿತ್ತು. ನೀರು ತುಂಬಿದ ಗಾಲಿಗಳು ಜಾರಲಿಲ್ಲ. ಅಂಚನ್ನು ಕಚ್ಚಿ ಹಿಡಿದವು. ನಮ್ಮವರು ಎಕ್ಸಲರೇಟರ್ ಒತ್ತಿದರು. ತಿರುಗಲಾಗದ ಗಾಲಿಯ ಬಲ ಎಲ್ಲಿಗಾದರೂ ಹೋಗಬೇಕಲ್ಲ, ಅದು ಜೀಪಿನ ಮೂತಿಗೆ ಹೋಯಿತು. ಮೂತಿ ಎದ್ದಿತು. ನಾನು ಮೊದಲು ಅದು ಹತ್ತುತ್ತಿದೆ ಅಂದುಕೊಂಡೆ. ಮುಂದಿನ ಗಾಜಿನ ಹಿಂದೆ ಕಾಣುತ್ತಿದ್ದ ಅವರ ಮುಖ ಮಾಯವಾಯಿತು, ಅಲ್ಲಿ ಬಾನೆಟ್ಟು ಬಂತು, ಬಾನೆಟ್ಟು ಹೋಗಿ ಗಾಡಿಯ ಹೊಟ್ಟೆ ಕಂಡಿತು. ಎಣ್ಣೆ ಮೆತ್ತಿದ ಕರಿ ಹೊಟ್ಟೆ. ಎರಡು ಗಾಲಿ ನನ್ನ ಕಣ್ಣಿನ ಮಟ್ಟಕ್ಕೆ ಬಂದು ತಿರುಗುತ್ತಿದ್ದವು. ಅದರ ಹಿಂದೆ, ಕೆಳಗೆ, ಬರೀ ಬಂಡೆಗಳು. ಬೆನ್ನ ಮೇಲೆ ಬಿದ್ದರೆ ಅಲ್ಲಿಗೇ ಬೀಳಬೇಕು, ಅವರ ಮೇಲೆ.

ನಮ್ಮ ಕಡೆ ಗಂಡನ ಹೆಸರು ಹೇಳುವುದಿಲ್ಲ. ಓದಿದವಳು, ಪಾಠ ಮಾಡುವವಳು ಅಂತ ನಾನೇನೂ ಅದನ್ನು ಬಿಟ್ಟಿರಲಿಲ್ಲ. ಬಿಡಬೇಕೆಂದು ಅನ್ನಿಸಿರಲೂ ಇಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಬರೆದು ತೋರಿಸುತ್ತೇನೆ. ಆ ಹೊತ್ತಿನಲ್ಲಿ ನನ್ನ ಬಾಯಿಂದ ಬಂದದ್ದು ಅವರ ಹೆಸರು. 'ರಿ' ಇಲ್ಲ, 'ಅಪ್ಪ' ಇಲ್ಲ, ಅವರು ಸಣ್ಣವರಿದ್ದಾಗ ಅತ್ತೆಯವರು ಕರೆಯುತ್ತಿದ್ದ ಹಾಗೆ, ಬರೀ ಹೆಸರು. ಗುಡ್ಡ ಅದನ್ನು ತಿರುಗಿ ಹೇಳಿತು. ಅದೇ ಹೊತ್ತಿಗೆ ದೋಸ್ತರು "ಕ್ಲಚ್ ತುಳಿಯೋ! ಕ್ಲಚ್!" ಅಂತ ಕೂಗಿದರು.

ಮೂತಿ ಗಾಳಿಯಲ್ಲಿ ನಿಂತಿತು. ಎಷ್ಟು ಹೊತ್ತು ಅಂತ ಕೇಳಬೇಡಿ. ಆಮೇಲೆ ಧಡ್ಡನೆ ಕೆಳಗೆ ಬಂತು. ಬಂದದ್ದೇ ಜೀಪು ಹಿಂದಕ್ಕೆ ಜರುಗತೊಡಗಿತು. ದೋಸ್ತರು ಓಡಿ ಹೋಗಿ ಮುಂದಿನ ಬಂಪರಿಗೆ ಜೋತುಬಿದ್ದರು. ಸಕ್ಕರೆ ಕಾರ್ಖಾನೆಯ ಏರಿನಲ್ಲಿ ಟ್ರ್ಯಾಕ್ಟರು ಮೂತಿ ಎತ್ತಿದರೆ ಅಲ್ಲಿದ್ದವರು ಮಾಡುವುದು ಅದನ್ನೇ. ಇನ್ನಿಬ್ಬರು ಬಂದು ಜೋತುಬಿದ್ದರು. ಬೆಳಗಾವಿಯವರು ಹಿಂದಿನ ಗಾಲಿಗೆ ಕಲ್ಲು ಕೊಟ್ಟರು, ಮೇಲಿನಿಂದ ಹಗ್ಗ ಬಂತು. ಜೀಪು ನಿಂತಿತು. ಇಂಜಿನ್ನು ಬಂದಾಯಿತು.

ನಮ್ಮವರು ಇಳಿದರು. ಮೊದಲು ಬಲಗಾಲು, ಆಮೇಲೆ ಎಡಗಾಲು, ಅಂಗಡಿಯಿಂದ ಮನೆಗೆ ಬಂದ ಹಾಗೆ. ನನ್ನ ಕಡೆ ನೋಡಿ, "ಕರದ್ಯೇನ?" ಅಂದರು.

ನಾನು ಬಂಡೆಯ ಮೇಲೆ ಕೂತುಬಿಟ್ಟೆ.

ಬೆಳಗಾವಿಯವರು ಎಲ್ಲರಿಗೂ ಚಹಾ ಕೊಟ್ಟು, ಹಿಂದಿನ ಗಾಲಿಯನ್ನು ಅಂಗೈಯಿಂದ ಬಡಿದು ನೋಡಿದರು. ಒಳಗಿನಿಂದ ಬೇರೆಯದೇ ಸದ್ದು ಬಂತು. "ನೀರು ಹಾಕೀರಿ?" ಅಂತ ಕೇಳಿದರು. ಹಾಕುವುದು ತಪ್ಪಲ್ಲವಂತೆ. ಬಂಡೆ ಹತ್ತುವವರೂ ಕೆಲವರು ಹಾಕುತ್ತಾರಂತೆ. "ಆದ್ರ ಮುಂದಿನ ಗಾಲಿಗೆ ಹಾಕ್ತಾರ್ರೀ, ಮೂತಿ ಏಳಬಾರದು ಅಂತ. ನೀವು ಹಿಂದ ಹಾಕಿ ಅದಕ್ಕ ಏಳು ಅಂತ ಹೇಳಿಕೊಟ್ಟಂಗ ಆತು."

ದೋಸ್ತರ ಮುಖ ನಾನು ಅಷ್ಟು ಸಣ್ಣದಾಗಿ ಎಂದೂ ನೋಡಿರಲಿಲ್ಲ. ಹೋಗಿ ಹಿಂದಿನ ಗಾಲಿಯ ಪಕ್ಕ ಕೂತರು, ನೀರು ಬಿಡತೊಡಗಿದರು. ನೀರು ಬಂಡೆಯ ಮೇಲೆ ಹರಿದು ಕೆಳಗೆ ಹೋಗುತ್ತಿತ್ತು. ನಮ್ಮವರು ಹೋಗಿ ಅವರ ಪಕ್ಕದಲ್ಲಿ ಕೂತರು.

"ಲೇ, ಹಂಗ್ಯಾಕ ಕುಂತಿ? ನಿನ್ನ ಮಾತ ಕೇಳಿದಾವ ನಾನಲ್ಲ?"

"ನಿನಗ ಏನರ ಆಗಿದ್ರ ವೈನಿಗೆ ಏನ ಹೇಳ್ತಿದ್ದೆ ನಾ?"

"ಏನ ಹೇಳ್ತಿ, ನೀರ ಜಾಸ್ತಿ ಆತು ಅಂತಿದ್ದಿ."

ಇಬ್ಬರೂ ನಕ್ಕರು, ನಗುತ್ತ ನಗುತ್ತ ದೋಸ್ತರು ಅತ್ತರು. ನಾನು ಮೇಲಿನಿಂದ ನೋಡುತ್ತಿದ್ದೆ. ನನಗೆ ಅಳುವೂ ಬರಲಿಲ್ಲ, ನಗುವೂ ಬರಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆಯವರಿಗೆ ಹೇಳಬಾರದು ಅಂತ ಮೂವರೂ ಮಾತಾಡಿಕೊಂಡಿದ್ದೆವು. ದೋಸ್ತರು ಹೊಸ್ತಿಲು ದಾಟುವ ಮುಂಚೆಯೇ ಎಲ್ಲ ಹೇಳಿಬಿಟ್ಟರು. ಅವರ ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ. ಅತ್ತೆಯವರು ಮಗನ ಕೈ, ಕಾಲು, ಬೆನ್ನು ಎಲ್ಲ ಮುಟ್ಟಿ ನೋಡಿದರು. ಆಮೇಲೆ ಬೈಗುಳ ಶುರುವಾಯಿತು, ದೋಸ್ತರಿಗೆ ಒಂದು ಪಾಲು, ಮಗನಿಗೆ ಎರಡು ಪಾಲು. ನಡುವೆ ದೋಸ್ತರು ತಪ್ಪಿಸಿಕೊಳ್ಳಲು, "ಕಾಕೀ, ನಾ ಕ್ಲಚ್ ಅಂತ ಒದರಿದೆ, ಅದಕ್ಕ ಉಳದಾನ ನಿಮ್ಮ ಮಗ" ಅಂದರು.

"ಇಂವಾ ಒದರಿದ್ದು ನನಗ ಕೇಳೇ ಇಲ್ಲ, ಯವ್ವಾ" ಅಂದರು ನಮ್ಮವರು. "ಯಾರೋ ನನ್ನ ಹೆಸರ ಹಿಡದ ಕರದ್ರು. ಯಾರಪಾ ಇವರು ಅಂತ ಗಾಬರಿ ಆಗಿ ಎಕ್ಸಲರೇಟರ್ ಮ್ಯಾಲಿಂದ ಕಾಲ ತಗದೆ."

"ಸುಳ್ಳ! ನೀ ಕ್ಲಚ್ ತುಳದಿ, ನಾ ನೋಡೇನಿ."

"ನನ್ನ ಕಾಲ ನಿನಗ ಹೆಂಗ ಕಾಣಿಸ್ತಲೇ? ನೀ ಹೊರಗಿದ್ದಿ."

ಈ ಜಗಳ ಇವತ್ತಿಗೂ ಮುಗಿದಿಲ್ಲ. ಇಬ್ಬರಲ್ಲಿ ಯಾರು ಖರೆ ಅಂತ ನನಗೂ ಗೊತ್ತಿಲ್ಲ. ಆವತ್ತು ಅತ್ತೆಯವರು ಜಗಳ ಬಿಟ್ಟು ನನ್ನ ಕಡೆ ತಿರುಗಿದರು. "ಹೆಸರ ಹಿಡದ ಕರದ್ಯೇನ?" ನಾನು ತಲೆ ತಗ್ಗಿಸಿದೆ. ಅವರು ಹತ್ತಿರ ಬಂದು ನನ್ನ ಗಲ್ಲ ಹಿಡಿದು ಮುಖ ಎತ್ತಿದರು. "ಕರದಿದ್ದಕ್ಕ ಬಂದಾನ. ಇನ್ನ ದಿನಾ ಕರಿ, ಯವ್ವಾ. ಊಟಕ್ಕೂ ಬರೂದಿಲ್ಲ ಅಂವಾ ಲಗೂನ."

ಆಗ ಬಂತು ಅಳು.

ಆಮೇಲೆ ಜೀಪು ಶೆಡ್ಡಿನ ಪಕ್ಕದಲ್ಲಿ ಚಾದರ ಹೊದ್ದು ನಿಂತಿತು. ನಮ್ಮವರು ಅದರ ಮಾತೇ ಎತ್ತಲಿಲ್ಲ. ಊಟಕ್ಕೆ ಕೂತಾಗ ಮೊಬೈಲು ಬರಲಿಲ್ಲ, ಕೆಂಪು ಬಂಡೆಗಳು ಬರಲಿಲ್ಲ, ನನ್ನನ್ನು ಕರೆದು ತೋರಿಸುವುದೂ ನಿಂತಿತು. ಒಂದು ದಿನ ಅವರೇ ಹೇಳಿದರು, "ನೀ ಬ್ಯಾಡ ಅಂದ್ರ ಮಾರಿಬಿಡ್ತೀನಿ. ಗಿರಾಕಿ ಬಂದಾನ." ನಾನು ಬೇಡ ಅಂದರೆ ಮುಗಿಯುತ್ತಿತ್ತು. ನನ್ನ ಕಣ್ಣೊಳಗೆ ಗಾಲಿ ತಿರುಗುವುದು ಅದರಿಂದ ನಿಲ್ಲುತ್ತದೆ ಅಂತ ನನಗೇ ನಂಬಿಕೆ ಇರಲಿಲ್ಲ. ಜೀಪು ಇರಲಿ ಅನ್ನಲಿಕ್ಕೂ ಆಗಲಿಲ್ಲ. ಹೋಗಿ ಬನ್ನಿ ಅಂತ ಕಳಿಸಿ, ಮನೆಯಲ್ಲಿ ಕೂತು ಫೋನು ನೋಡುತ್ತಿರುವುದು ಹೇಗೆ? ಮತ್ತೆ ಮೇಲೆ ನಿಂತು ನೋಡುವುದಂತೂ ಈ ಜನ್ಮದಲ್ಲಿ ಸಾಧ್ಯವಿಲ್ಲ. ಅವರ ಮುಖ ಮರೆಯಾಗಿ ಗಾಡಿಯ ಹೊಟ್ಟೆ ಕಂಡಿತಲ್ಲ, ಆ ಹೊತ್ತಿನಲ್ಲಿ ಅವರಿಗೆ ಒಳಗೆ ಏನಾಗುತ್ತಿದೆ ಅಂತ ನನಗೆ ಗೊತ್ತಿರಲಿಲ್ಲ. ಅದೇ ನನ್ನನ್ನು ಹಿಂಡುತ್ತಿದ್ದದ್ದು.

ಎರಡು ದಿನ ಬಿಟ್ಟು ಹೇಳಿದೆ. "ಮಾರಬ್ಯಾಡ್ರಿ. ಆದ್ರ ಹತ್ತೂವಾಗ ನಾನೂ ಕೂಡತೀನಿ, ಬಾಜೂಕ."

"ನಿನಗೇನ ಹುಚ್ಚೇನ?"

"ಮನಿಯಾಗ ಒಬ್ಬರಿಗೆ ಐತಲ್ಲ, ಇನ್ನೊಬ್ಬರಿಗೆ ಇದ್ರ ಏನಾತು."

"ನೀ ಬಾಜೂಕ ಕುಂತ್ರ ನನ್ನ ಕಾಲ ನಡಗ್ತಾವು."

"ನಡಗ್ಲಿ. ಮೆಲ್ಲಕ ಹೊಕ್ಕೀರಿ."

ಅತ್ತೆಯವರು ಇದನ್ನು ಕೇಳಿ ಕೈಯಲ್ಲಿದ್ದ ಕಂಡಿಕೆ ಸುತ್ತಿ ಮುಗಿಸಿದರು. ಆಮೇಲೆ, "ಇಬ್ಬರೂ ಹೊಂಟೀರಿ ಅಂದ್ರ ಇಬ್ಬರೂ ಬರ್ರಿ" ಅಂತಷ್ಟೇ ಅಂದರು.

ಹೋದ ತಿಂಗಳು ಹೋದೆವು. ದೋಸ್ತರು ಈ ಸಲ ಮೊದಲೇ ಬೆಳಗಾವಿಯವರನ್ನು ಕೇಳಿ, ಹಿಂದಿನ ಗಾಲಿಯಲ್ಲಿ ಹನಿ ನೀರು ಉಳಿದಿಲ್ಲ ಅಂತ ಕಿವಿ ಹಚ್ಚಿ ನೋಡಿ, ಮುಂದಿನ ಗಾಲಿಗೆ ಅರ್ಧದಷ್ಟು ನೀರು ತುಂಬಿಸಿದ್ದರು. ಹಗ್ಗವನ್ನೂ ತಾವೇ ಮುಂದೆ ನಿಂತು ಕಟ್ಟಿಸಿದರು. ಆ ಮೂರನೆಯ ಬಂಡೆಗೆ ನಾವು ಹೋಗಲಿಲ್ಲ. ಅದರ ಪಕ್ಕದ, ಅದಕ್ಕಿಂತ ಸಣ್ಣದೊಂದು. ಸಣ್ಣದು ಅಂತ ಹೊರಗಿನಿಂದ ಅನ್ನಿಸಿದ್ದು. ಒಳಗೆ ಕೂತ ಮೇಲೆ ಗಾಜಿನ ತುಂಬ ಆಕಾಶ ಬಿಟ್ಟರೆ ಬೇರೇನೂ ಕಾಣಲಿಲ್ಲ. ಬೆನ್ನು ಸೀಟಿಗೆ ಅಂಟಿತು. ಕೆಳಗೆ ಟೈರು ಕಲ್ಲನ್ನು ಹಿಡಿಯುವ, ಬಿಡುವ, ಮತ್ತೆ ಹಿಡಿಯುವ ಸದ್ದು. ಹೊರಗೆ ನಿಂತವರಿಗೆ ಈ ಸದ್ದು ಕೇಳುವುದೇ ಇಲ್ಲ.

ಅವರ ಎಡಗಾಲಿನ ಮಂಡಿ ಥರಥರ ನಡುಗುತ್ತಿತ್ತು. ಮುಖದಲ್ಲಿ ಏನೂ ಇಲ್ಲ, ಬಾಯಿ ಮಾತ್ರ ಏನೋ ಗುನುಗುತ್ತಿತ್ತು. ಕಿವಿಗೊಟ್ಟು ಕೇಳಿದರೆ, "ಬಾ ನಮ್ಮವ್ವಾ, ಬಾ, ಇನ್ನೊಂಚೂರು, ಹಾಂ, ಹಂಗ, ಶಾಣ್ಯಾಕಿ" ಅಂತ ಜೀಪಿಗೆ ಹೇಳುತ್ತಿದ್ದರು. ಮಗ್ಗಕ್ಕೆ ಹೇಳುವ ಮಾತೇ. ಆವತ್ತು ಗಾಡಿಯ ಹೊಟ್ಟೆಯ ಹಿಂದೆಯೂ ಅವರು ಹೀಗೇ ಗುನುಗುತ್ತಿದ್ದರೇನೋ.

ನಾನು ಅವರ ಮಂಡಿಯ ಮೇಲೆ ಕೈ ಇಟ್ಟೆ.

"ಕೈ ತಗಿ. ಕ್ಲಚ್ ಬಿಡಬೇಕು."

ತೆಗೆದೆ. ಜೀಪು ಒಮ್ಮೆ ಎಡಕ್ಕೆ ವಾಲಿತು, ಗಾಜಿನಲ್ಲಿ ಆಕಾಶ ಕೆಳಗಿಳಿದು ನೆಲ ಬಂತು. ಸಮ ನೆಲ, ಮೇಲೆ ಒಣ ಹುಲ್ಲು. ಅವರು ಹ್ಯಾಂಡ್ ಬ್ರೇಕ್ ಎಳೆದು ಇಂಜಿನ್ನು ಬಂದು ಮಾಡಿದರು. ಕೆಳಗಿನಿಂದ ದೋಸ್ತರ ಕೂಗು ಕೇಳಿಸುತ್ತಿತ್ತು.

"ಇನ್ನ ಇಳಿಯೂದು ಹೆಂಗ್ರಿ?" ಅಂತ ಕೇಳಿದೆ.

"ಅದನ್ನ ನಾನೂ ಯೋಚನಿ ಮಾಡಾಕತ್ತೇನಿ" ಅಂದರು.